ಊರು ಒಪ್ಪುವ ತಂತ್ರಜ್ಞಾನ: ಪುಣೆ ಕಲಿಸುವ ಹನ್ನೊಂದು ಸೂತ್ರಗಳು

ಸೌರ ಫಲಕ, ಗೊಬ್ಬರದ ಗುಂಡಿ, ಗೋಬರ್ ಗ್ಯಾಸ್, ಬ್ಯಾಟರಿ ಬಸ್ಸು ಇವೆಲ್ಲ ಈಗ ಹೊಸ ಸುದ್ದಿಯಲ್ಲ. ದುಡ್ಡು ಕೊಟ್ಟರೆ ಸಿಗುತ್ತವೆ. ಸರ್ಕಾರದ ಸಹಾಯಧನವೂ ಇದೆ. ಉದ್ಘಾಟನೆಯ ದಿನ ಹಾರ, ಫೋಟೋ, ಭಾಷಣ ಯಾವುದಕ್ಕೂ ಕೊರತೆಯಿಲ್ಲ. ಒಂದು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ ನೋಡಿ. ಕೆಲವು ಕಡೆ ಯಂತ್ರ ಓಡುತ್ತಿರುತ್ತದೆ, ಇನ್ನು ಕೆಲವು ಕಡೆ ಧೂಳು ಹಿಡಿದು ನಿಂತಿರುತ್ತದೆ. ಪುಣೆಯಲ್ಲಿ ಎರಡೂ ಬಗೆಯ ಉದಾಹರಣೆಗಳು ಬೇಕಾದಷ್ಟಿವೆ. ದಿನವೂ ಅದನ್ನು ನಡೆಸುವವರು ಯಾರು, ಅವರಿಗೆ ಅದರಿಂದ ದಕ್ಕುವುದೇನು ಎಂಬ ಎರಡು ಪ್ರಶ್ನೆಗಳಿಗೆ ಮೊದಲೇ ಉತ್ತರ ಹುಡುಕಿಕೊಂಡ ಕಡೆಗಳಲ್ಲಿ ತಂತ್ರಜ್ಞಾನ ನೆಲೆ ನಿಂತಿದೆ. ಕೆಳಗಿನ ಸೂತ್ರಗಳು ಹುಟ್ಟಿದ್ದು ಆ ಎರಡು ಪ್ರಶ್ನೆಗಳಿಂದಲೇ. ವಸತಿ ಸೊಸೈಟಿಯ ಕಾರ್ಯದರ್ಶಿ, ಹೋಟೆಲ್ ಮಾಲೀಕರು, ಪಂಚಾಯಿತಿ ಸದಸ್ಯರು, ಊರಿಗೆ ಏನಾದರೂ ಮಾಡಬೇಕೆನ್ನುವ ಹುಡುಗ ಹುಡುಗಿಯರು ಯಾರು ಬೇಕಾದರೂ ಬಳಸಬಹುದು.

1. ಜನರ ಭಯವನ್ನು ಕೂತು ಕೇಳಿ

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಅಲ್ಲಿಂದ ಮುಂದೆ ಅವರು ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತದೆ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ನೆಲದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಇಷ್ಟು ದೊಡ್ಡ ಉದ್ಯಮದ ಬುಡದಲ್ಲಿ ಯಾರೂ ಕೊಳ್ಳದ ಒಂದು ನೇಗಿಲು ಇದೆ.

ಆ ರೈತರನ್ನು ತಿಳಿಗೇಡಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಇರುವ ಒಂದೇ ಹೊಲವನ್ನು ಪ್ರಯೋಗಕ್ಕೆ ಒಡ್ಡಲು ಹೆದರುವುದು ಸಹಜ. ಇಂದಿನ ಫ್ಲ್ಯಾಟ್ ಮಾಲೀಕರ ಭಯವೂ ಅದೇ ಜಾತಿಯದು. ಸೋಲಾರ್ ಸ್ಟ್ಯಾಂಡಿಗೆ ಟೆರೇಸ್ ಕೊರೆದರೆ ಮಳೆಗಾಲದಲ್ಲಿ ಸೋರೀತು ಎನ್ನುತ್ತಾರೆ. ಗ್ಯಾಸ್ ಡ್ರಮ್ಮು ಸಿಡಿದೀತು ಎನ್ನುತ್ತಾರೆ. ಪ್ರತಿಯೊಂದಕ್ಕೂ ನೇರ ಉತ್ತರ ಕೊಡಿ. ಟೆರೇಸನ್ನು ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಭಾರದಲ್ಲೇ ನಿಲ್ಲುವ ಸ್ಟ್ಯಾಂಡುಗಳಿವೆ. ತೇಲುವ ಡ್ರಮ್ಮಿನ ಗೋಬರ್ ಗ್ಯಾಸಿನಲ್ಲಿ ಒತ್ತಡ ಬಹಳ ಕಡಿಮೆ. ಆದರೂ ಸೋರಿದ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಅಪಾಯವೇ, ಆದ್ದರಿಂದ ಅದನ್ನು ಬಯಲಲ್ಲೇ ಇಡಬೇಕು. ಅಪಾಯ ಇರುವಲ್ಲಿ ಇದೆ ಎಂದೇ ಹೇಳಿ. ಆಗ ನಿಮ್ಮ ಉಳಿದ ಮಾತನ್ನೂ ಜನ ನಂಬುತ್ತಾರೆ.

2. ಕೈಯಲ್ಲಿರುವ ವಸ್ತುವಿನಿಂದ ಶುರು ಮಾಡಿ

ಪುಣೆಯ ಆರ್ಟಿ ಸಂಸ್ಥೆಯ ಕೆಲಸವನ್ನು ಕನ್ನಡಿಗರು ಇನ್ನಷ್ಟು ತಿಳಿದುಕೊಳ್ಳಬೇಕು. 1996ರಲ್ಲಿ ಹುಟ್ಟಿದ ಈ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯನ್ನು ಕಟ್ಟಿದವರು ಸಸ್ಯವಿಜ್ಞಾನಿ ಡಾ. ಆನಂದ ಕರ್ವೆ. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮೊಮ್ಮಗ, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಮಗ. ಗೋಬರ್ ಗ್ಯಾಸ್ ಎಂದರೆ ಸಗಣಿಯಿಂದಲೇ ಆಗಬೇಕೆಂದು ದೇಶ ನಂಬಿಕೊಂಡಿದ್ದಾಗ ಅವರು ಬುಡದ ಪ್ರಶ್ನೆಯನ್ನೇ ಕೇಳಿದರು. ಸಗಣಿ ಎಂದರೆ ಹಸು ತಿಂದು, ಸಾರವನ್ನೆಲ್ಲ ಹೀರಿಕೊಂಡು ಬಿಟ್ಟದ್ದು. ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಉಳಿದಿರುವುದು ಎಷ್ಟು? ಅದರ ಬದಲು ಹಸುವಿನ ಹೊಟ್ಟೆಗೆ ಹೋಗಬಹುದಾದ ಪಿಷ್ಟವನ್ನೇ ನೇರವಾಗಿ ತೊಟ್ಟಿಗೆ ಹಾಕಿದರೆ?

ಉತ್ತರ ದೊಡ್ಡದಾಗಿತ್ತು. ಸುಮಾರು 40 ಕಿಲೋ ಸಗಣಿ 40 ದಿನದಲ್ಲಿ ಕೊಡುವಷ್ಟು ಅನಿಲವನ್ನು 2 ಕಿಲೋದಷ್ಟು ಅನ್ನ, ಹಿಟ್ಟು, ಕೆಟ್ಟ ಕಾಳು, ಹಣ್ಣಿನ ಶೇಷ ಒಂದು ದಿನದ ಆಸುಪಾಸಿನಲ್ಲೇ ಕೊಡುತ್ತದೆ ಎಂದು ಆರ್ಟಿ ತೋರಿಸಿತು. ದೊಡ್ಡ ಗುಂಡಿ ಬೇಡವಾಯಿತು. ಸಾಮಾನ್ಯ ಪ್ಲಾಸ್ಟಿಕ್ ನೀರಿನ ಟ್ಯಾಂಕು ಎರಡು ಸಾಕು, ಒಂದರೊಳಗೆ ಇನ್ನೊಂದು ಬೋರಲು. ದನ ಇಲ್ಲದ ನಗರದ ಮನೆಗೂ ಇದು ಹೊಂದಿತು. 2006ರಲ್ಲಿ ಈ ಕೆಲಸಕ್ಕೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. 2002ರಲ್ಲಿ ಕಬ್ಬಿನ ರವದಿಯಿಂದ ಇದ್ದಿಲು ಮಾಡಿದ್ದಕ್ಕೆ ಅದೇ ಪ್ರಶಸ್ತಿ ಬಂದಿತ್ತು. ಒಂದು ಹೆಕ್ಟೇರು ಕಬ್ಬು ಕಡಿದರೆ ಸುಮಾರು 10 ಟನ್ ರವದಿ ಉಳಿಯುತ್ತದೆ. ಅಥಣಿ, ಚಿಕ್ಕೋಡಿ ಕಡೆಯ ರೈತರಿಗೆ ಅದನ್ನು ಹೊಲದಲ್ಲೇ ಸುಡುವ ಸಂಕಟ ಗೊತ್ತು.

ಪುಣೆಯಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳು ಎಷ್ಟಿವೆ! ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರೂ ಅಲ್ಲಿಂದಲೇ ಬಂದವರು. ಇಂಥ ಅಡುಗೆಮನೆಗಳಲ್ಲಿ ಉಳಿದ ಅನ್ನ, ಗಂಜಿ, ಹುಳಿ ಬಂದ ಹಿಟ್ಟು ಪ್ರತಿದಿನವೂ ಇದ್ದೇ ಇರುತ್ತದೆ. ಗ್ಯಾಸ್ ಬೇಕಾದದ್ದೂ ಅಲ್ಲೇ. ಇಂಥ ತೊಟ್ಟಿ ಇಡುವವರಿಗೆ ಒಂದು ಎಚ್ಚರಿಕೆ: ಆಸೆಯಿಂದ ಒಮ್ಮೆಗೇ ಹೆಚ್ಚು ಸುರಿದರೆ ತೊಟ್ಟಿ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಆಗ ಕೆಲವು ದಿನ ಏನೂ ಹಾಕದೆ ಬಿಡಬೇಕು. ಲಿಂಬೆ, ಕಿತ್ತಳೆ ಸಿಪ್ಪೆ ಕಡಿಮೆ ಇರಲಿ, ಮೂಳೆ ಬೇಡವೇ ಬೇಡ.

3. ಪುಕ್ಕಟೆ ಹಂಚಬೇಡಿ, ಅದರಿಂದ ಬದುಕುವವರನ್ನು ಬೆಳೆಸಿ

ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರಿಗೆ 'ಅಸ್ತ್ರ ಒಲೆ' ನೆನಪಿರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಹೆಸರು ಅಸ್ತ್ರ. ಅಲ್ಲಿ ರೂಪುಗೊಂಡ ಒಲೆಯಲ್ಲಿ ಹೊಗೆ ಕೊಳವೆಯಿಂದ ಹೊರಗೆ, ಸೌದೆ ಕಡಿಮೆ, ಹೆಣ್ಣುಮಕ್ಕಳ ಕಣ್ಣಿಗೆ, ಶ್ವಾಸಕೋಶಕ್ಕೆ ನೆಮ್ಮದಿ. ಒಲೆಯ ವಿನ್ಯಾಸದಲ್ಲಿ ತಪ್ಪು ಹುಡುಕುವುದು ಕಷ್ಟ. 1980ರ ದಶಕದ ಮೊದಲಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು, 2002ರಲ್ಲಿ ನಿಲ್ಲಿಸಿತು. ದೇಶದಲ್ಲಿ 3 ಕೋಟಿಗೂ ಮಿಕ್ಕಿ ಒಲೆ ಹಂಚಿದ ಲೆಕ್ಕ ಕಡತದಲ್ಲಿದೆ. ಆದರೆ ಕೊಳವೆ ಬಿರುಕು ಬಿಟ್ಟಾಗ ಬಂದು ನೋಡುವವರು ಇರಲಿಲ್ಲ. ಬಾಯಿಯ ಅಳತೆ ಒಂದೆರಡು ಅಂಗುಲ ಹೆಚ್ಚುಕಡಿಮೆಯಾದರೂ ಒಲೆ ಮತ್ತೆ ಹೊಗೆ ಉಗುಳುತ್ತದೆ. ಗುರಿ ಮುಟ್ಟಿಸುವ ಅವಸರದಲ್ಲಿ ಅಳತೆ ನೋಡುವವರೂ ಇರಲಿಲ್ಲ. ಎಷ್ಟೋ ಅಡುಗೆಮನೆಗಳು ಹಳೆಯ ಮೂರು ಕಲ್ಲಿಗೆ ಮರಳಿದವು.

ಕಾರ್ಯಕ್ರಮ ನಿಂತ ಮೇಲೆ ಆರ್ಟಿ ಮಾಡಿದ ಕೆಲಸ ನೋಡಿ. ಕುಂಬಾರರಿಗೆ, ಸಣ್ಣ ಉದ್ಯೋಗ ಬಯಸುವ ಹಳ್ಳಿಯ ಗಂಡಸರು ಹೆಂಗಸರಿಗೆ ತರಬೇತಿ ಕೊಟ್ಟು, ಒಲೆಯನ್ನು ಮಾರಿ ಬದುಕುವ ದಾರಿ ತೋರಿಸಿತು. ಒಲೆ ಮಾರಿ ಹೊಟ್ಟೆ ಹೊರೆಯುವ ಕುಂಬಾರ ತನ್ನ ಒಲೆ ಹೊಗೆ ಹಾಕಲು ಬಿಡುವುದಿಲ್ಲ, ಪಕ್ಕದ ಬೀದಿಯಲ್ಲಿ ಹೆಸರು ಕೆಡುತ್ತದೆ. ಆನಂದ ಕರ್ವೆಯವರ ಮಗಳು ಪ್ರಿಯದರ್ಶಿನಿ ಕರ್ವೆ ಪುಣೆಯಲ್ಲೇ ಕಟ್ಟಿದ 'ಸಮುಚಿತ' ಸಂಸ್ಥೆಯೂ ಒಲೆಯನ್ನು ಬೆಲೆ ಇರುವ ಸರಕಾಗಿಯೇ ಮಾರಾಟಕ್ಕೆ ತಂದಿತು. ದಾನವಾಗಿ ಬಂದ ವಸ್ತು ಕೆಟ್ಟರೆ ಬಡವರು ದೂರುವುದಿಲ್ಲ, ಮೂಲೆಗಿಡುತ್ತಾರೆ. ದುಡ್ಡು ಕೊಟ್ಟವರು ಕೇಳುತ್ತಾರೆ, ಆ ಕೇಳಿಕೆಯಿಂದ ವಸ್ತು ಸುಧಾರಿಸುತ್ತದೆ. ಸಹಾಯಧನ ಕೊಡುವುದಾದರೆ ತಯಾರಕನ ತರಬೇತಿಗೆ, ರಿಪೇರಿಗೆ ಕೊಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

4. ಆ ಕೆಲಸವನ್ನು ಮೊದಲೇ ಮಾಡುತ್ತಿರುವವರನ್ನು ಹೊರಗಿಡಬೇಡಿ

ಪುಣೆ ಇಡೀ ದೇಶಕ್ಕೆ ಹೇಳಿಕೊಡಬಹುದಾದ ಪಾಠ ಒಂದಿದ್ದರೆ ಅದು ಇದು. ತಲೆಯ ಮೇಲೆ ಗೋಣಿ ಹೊತ್ತು ಚಿಂದಿ ಆಯುವ ಹೆಂಗಸರು ಇಲ್ಲಿ 1993ರಲ್ಲಿ ಸಂಘ ಕಟ್ಟಿಕೊಂಡರು: ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಲ್ಲಿದ್ದ ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮಾನೆ ಅವರ ಜೊತೆ ನಿಂತರು. ಹಮಾಲರನ್ನು ಸಂಘಟಿಸಿದ್ದ ಬಾಬಾ ಆಢಾವ್ ಬೆಂಬಲವಾದರು. ಬೇಡಿಕೆ ಸರಳ. ಕಸವನ್ನು ಮನೆಯಲ್ಲೇ ಹಸಿ, ಒಣ ಎಂದು ಬೇರೆ ಮಾಡಿ ನಮ್ಮ ಕೈಗೆ ಕೊಡಿ, ಕೊಳೆತ ತಿಪ್ಪೆಯಲ್ಲಿ ಕೈ ಹಾಕಿ ಆರಿಸುವುದರಿಂದ ನಮ್ಮನ್ನು ಬಿಡಿಸಿ.

2008ರಲ್ಲಿ ಪುಣೆ ಮಹಾನಗರ ಪಾಲಿಕೆಯ ಜೊತೆ ಒಪ್ಪಂದವಾಗಿ 'ಸ್ವಚ್ಛ' ಸಹಕಾರಿ ಸಂಘ ಮನೆಮನೆಯ ಕಸ ಸಂಗ್ರಹಕ್ಕೆ ಇಳಿಯಿತು. ಚಿಂದಿ ಆಯುವವರೇ ಪೂರ್ಣ ಒಡೆಯರಾದ ಸಹಕಾರಿ ಅದು, ದೇಶದಲ್ಲೇ ಮೊದಲನೆಯದು. ಇಂದು 3,500ಕ್ಕೂ ಹೆಚ್ಚು ಸದಸ್ಯರಿದ್ದಾರೆ, ಹೆಚ್ಚಿನವರು ದಲಿತ ಮಹಿಳೆಯರು. ಮನೆಯವರು ತಿಂಗಳಿಗೆ ಸಣ್ಣ ಶುಲ್ಕ ಕೊಡುತ್ತಾರೆ, ಒಣ ಕಸದಲ್ಲಿ ಮಾರಾಟವಾಗುವ ಕಾಗದ, ಪ್ಲಾಸ್ಟಿಕ್, ಲೋಹದ ಹಣ ಆ ಹೆಂಗಸರದೇ. ಹಕ್ಕು ಅವರದಾದ್ದರಿಂದ ವಿಂಗಡಣೆ ಚೊಕ್ಕಟ. ಬೆರೆಸಿ ಕೊಟ್ಟರೆ ಬಾಗಿಲಲ್ಲೇ ನಿಂತು ಹೇಳುತ್ತಾರೆ.

ಬಳಸಿದ ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕಿ ಇಡಿ ಎಂಬ ಅಭಿಯಾನವನ್ನೂ ಇವರೇ ನಡೆಸಿದರು. ಪೊಟ್ಟಣವನ್ನು ಬಿಚ್ಚದೆ ಗುರುತಿಸಬಹುದು, ಕೈಗೆ ಸೋಂಕು ತಗುಲುವುದಿಲ್ಲ. ಕೋಟಿ ರೂಪಾಯಿಯ ಯಂತ್ರ ಬೇಡದ ಈ ಚುಕ್ಕಿಯನ್ನು ನಾನು ಸುಸ್ಥಿರ ತಂತ್ರಜ್ಞಾನಗಳ ಪಟ್ಟಿಯಲ್ಲಿ ಮೇಲೆಯೇ ಇಡುತ್ತೇನೆ. ಊರಿನ ಕಸವನ್ನೆಲ್ಲ ಊರುಳಿ ದೇವಾಚಿ, ಫುರಸುಂಗಿಯ ಡಿಪೋಗೆ ಸುರಿದು ಅಲ್ಲಿನ ಗ್ರಾಮಸ್ಥರ ಬಾವಿ, ಗಾಳಿ ಕೆಡಿಸಿದ ಇತಿಹಾಸವೂ ಪುಣೆಗಿದೆ. ಆ ಜನ ಮತ್ತೆ ಮತ್ತೆ ಲಾರಿ ತಡೆದು ಹೋರಾಡಿದ್ದರಿಂದಲೇ ಕಸವನ್ನು ವಾರ್ಡಿನಲ್ಲೇ ಸಂಸ್ಕರಿಸುವ ಮಾತು ನಗರದಲ್ಲಿ ಗಟ್ಟಿಯಾಯಿತು. ನಿಮ್ಮ ಊರಿನಲ್ಲಿ ಹೊಸ ಯಂತ್ರ ತರುವ ಮುನ್ನ ಕೇಳಿಕೊಳ್ಳಿ: ಇದು ಬಂದರೆ ಯಾರ ಅನ್ನ ಹೋಗುತ್ತದೆ? ಅವರನ್ನೇ ಅದರ ನಡೆಸುವವರನ್ನಾಗಿ ಮಾಡಲು ಆಗುತ್ತದೆಯೇ?

5. ಲೆಕ್ಕ ಎರಡು ಸಾಲಿನಲ್ಲಿ ಮುಗಿಯಲಿ

ಪರಿಸರದ ಬಗ್ಗೆ ಉಪನ್ಯಾಸ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಫ್ಯಾನಿನಿಂದ ಶುರು ಮಾಡಿ. ಹಳೆಯ ಸೀಲಿಂಗ್ ಫ್ಯಾನಿಗೆ 75 ವ್ಯಾಟ್, ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟಾರಿನ ಫ್ಯಾನಿಗೆ ಸುಮಾರು 30 ವ್ಯಾಟ್. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಒಂದೇ ಫ್ಯಾನಿನಲ್ಲಿ ಸುಮಾರು 160 ಯೂನಿಟ್ ಉಳಿತಾಯ. ಅದನ್ನು ನಿಮ್ಮ ಬಿಲ್ಲಿನ ದರದಿಂದ ಗುಣಿಸಿ. ಪುಣೆಯ ಪ್ರಯಾಸ್ ಸಂಸ್ಥೆಯ ಇಂಧನ ತಂಡ, ದಿವಂಗತ ಗಿರೀಶ್ ಸಂತ್ ಮತ್ತು ಸಂಗಡಿಗರು, ಇಂಥ ಮಿತವ್ಯಯದ ಉಪಕರಣಗಳ ಪರವಾಗಿ ಅಂಕಿಅಂಶ ಹಿಡಿದು ವರ್ಷಗಟ್ಟಲೆ ವಾದಿಸಿದರು.

ಮನೆಯ ಮಾಳಿಗೆಯ ಸೋಲಾರಿಗೂ ಲೆಕ್ಕ ಸುಲಭ. 1 ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ, ದಿನಕ್ಕೆ ಸರಾಸರಿ 4 ಯೂನಿಟ್.

6. ಕಂತು ಆದಾಯದ ತಾಳಕ್ಕೆ ಕೂಡಲಿ

1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆಯವರು ಶುರು ಮಾಡಿದ ಸೆಲ್ಕೋ ಕಲಿತದ್ದು ಇದನ್ನೇ: ತಿಂಗಳಿಗೆ 300 ರೂಪಾಯಿ ಎಂದರೆ ಬೀದಿ ವ್ಯಾಪಾರಿಗೆ ಭಾರ, ದಿನಕ್ಕೆ 10 ರೂಪಾಯಿ ಎಂದರೆ ಸಾಧ್ಯ. ಮೊತ್ತ ಒಂದೇ, ಕೈಗೆ ದುಡ್ಡು ಬರುವ ಗತಿ ಬೇರೆ. ಸೆಲ್ಕೋ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ ಸೌರದೀಪಕ್ಕೆ ಸಾಲ ಕೊಡಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಸೋಲಾರಿಗೆ ಮನೆಯೊಂದಕ್ಕೆ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ವಸತಿ ಸೊಸೈಟಿಗಳ ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000. ಸಹಾಯಧನ ಕಳೆದು ಉಳಿದ ಹಣಕ್ಕೆ ಸಾಲದ ಕಂತು ಬೇಕು. ಕಬ್ಬಿನ ರೈತನಿಗೆ ಹಣ ಬರುವುದು ಕಾರ್ಖಾನೆಯ ಬಿಲ್ಲು ಬಂದಾಗ. ಕಂತನ್ನೂ ಆ ತಿಂಗಳಿಗೇ ಕೇಳಬೇಕು.

7. ರಿಯಾಯಿತಿ ಕೊಟ್ಟರೆ ಬಂದು ನೋಡಿ

ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ ಒಳ್ಳೆಯ ಪದ್ಧತಿ ಇಟ್ಟುಕೊಂಡಿದೆ. ಸೌರಶಕ್ತಿ, ಮಳೆನೀರು ಕೊಯ್ಲು, ಎರೆಗೊಬ್ಬರ ಇವುಗಳಲ್ಲಿ ಒಂದಿದ್ದರೆ ಶೇ 5, ಒಂದಕ್ಕಿಂತ ಹೆಚ್ಚಿದ್ದರೆ ಶೇ 10 ರಿಯಾಯಿತಿ. ಹಣದ ಆಸೆಗೆ ಬಹಳ ಸೊಸೈಟಿಗಳು ಮುಂದೆ ಬಂದವು. ಮುಂದೆ ಪಾಲಿಕೆ ಪರಿಶೀಲಿಸಿದಾಗ ಹಲವು ಕಡೆ ವ್ಯವಸ್ಥೆ ಕೆಟ್ಟು ನಿಂತಿರುವುದು ಕಂಡು, ಅಂಥವರ ರಿಯಾಯಿತಿಯನ್ನು ಹಿಂಪಡೆಯಿತು. ಸರಿಯಾಗಿಯೇ ಮಾಡಿತು. ಪ್ರಾಮಾಣಿಕವಾಗಿ ನಡೆಸುವ ಸೊಸೈಟಿಗೆ ಇದಕ್ಕಿಂತ ದೊಡ್ಡ ನ್ಯಾಯವಿಲ್ಲ.

ಗೊಬ್ಬರದ ಗುಂಡಿ ಕೆಡುವುದಕ್ಕೆ ಸಾಮಾನ್ಯ ಕಾರಣ ಒಂದೇ: ಬರೀ ಹಸಿ ಕಸ. ಗಾಳಿಯಾಡದೆ ಅದು ನಾರುತ್ತದೆ, ನೊಣ ಏಳುತ್ತವೆ, ಕೆಳಮಹಡಿಯವರು ಜಗಳಕ್ಕೆ ಬರುತ್ತಾರೆ. ಅದರ ಎರಡು ಪಾಲು ತರಗೆಲೆ ಬೆರೆಸಿದರೆ ವಾಸನೆ ಹೋಗುತ್ತದೆ. ಪುಣೆಯ ಅದಿತಿ ದೇವಧರ್ ಶುರು ಮಾಡಿದ 'ಬ್ರೌನ್ ಲೀಫ್' ಬಳಗ ಎಲೆ ಸುಡುವುದನ್ನು ನಿಲ್ಲಿಸಿ, ಎಲೆ ಹೆಚ್ಚಿರುವವರನ್ನು ಎಲೆ ಬೇಕಾದವರಿಗೆ ಜೋಡಿಸುತ್ತದೆ. ನಿಮ್ಮ ಕಾಲೊನಿಯಲ್ಲೂ ಒಂದು ವಾಟ್ಸಾಪ್ ಗುಂಪು ಇದ್ದರೆ ಈ ಕೆಲಸ ಆಗುತ್ತದೆ. ಗುಂಡಿ ತಿರುವುವ ಮಾಲಿಗೆ ಅದಕ್ಕಾಗಿಯೇ ಸಂಬಳದಲ್ಲಿ ಸ್ವಲ್ಪ ಸೇರಿಸಿ. ಇರುವ ಕೆಲಸಕ್ಕೆ ಮೇಲೆ ಹೊರೆಯಾಗಿ ಹೇರಿದರೆ ಯಾರು ತಾನೇ ತಿರುವುತ್ತಾರೆ?

8. ಮೀಟರ್ ಇರಲಿ, ಕೀಲಿ ಊರವರ ಕೈಯಲ್ಲಿರಲಿ

ಪುಣೆ ಜಿಲ್ಲೆಯ ಸಹ್ಯಾದ್ರಿ ಸೆರಗಿನ ದರೇವಾಡಿಗೆ ತಂತಿಯ ಮೂಲಕ ಕರೆಂಟು ಬಂದಿರಲಿಲ್ಲ. 2012ರಲ್ಲಿ ಪುಣೆಯ 'ಗ್ರಾಮ್ ಊರ್ಜಾ' ಸಂಸ್ಥೆ, ಬಾಷ್ ಕಂಪನಿಯ ನೆರವಿನಿಂದ, 10 ಕಿಲೋವ್ಯಾಟಿಗೂ ಚಿಕ್ಕದಾದ ಸೌರ ಘಟಕ ಕಟ್ಟಿತು. ಮನೆಗಳು ಸುಮಾರು 40. ಪ್ರತಿ ಮನೆಗೂ ಮೀಟರ್ ಹಾಕಿದರು, ಬಳಸಿದಷ್ಟಕ್ಕೆ ಬಿಲ್ಲು. ಊರವರದೇ ಟ್ರಸ್ಟ್ ಹಣ ವಸೂಲು ಮಾಡುತ್ತಿತ್ತು. ಬ್ಯಾಟರಿ ಕೆಲವೇ ವರ್ಷ ಬಾಳುವ ವಸ್ತು, ಅದಕ್ಕೆ ಹಣ ಕೂಡಿಡಬೇಕೆಂಬ ಅರಿವು ಬಿಲ್ಲಿನ ದರದಲ್ಲೇ ಇತ್ತು. ಮೀಟರ್ ಇಲ್ಲದಿದ್ದರೆ ಒಬ್ಬರ ಮನೆಯ ಇಸ್ತ್ರಿಪೆಟ್ಟಿಗೆ ಇಡೀ ಊರನ್ನು ಕತ್ತಲಿಗೆ ತಳ್ಳುತ್ತದೆ, ಆಮೇಲೆ ಯಂತ್ರಕ್ಕಿಂತ ಮೊದಲು ಕೆಡುವುದು ನೆರೆಹೊರೆ.

9. ಕೆಳಮಹಡಿಯವರನ್ನು ಕೇಳಿ

ಸೋಲಾರ್ ಬಿಸಿನೀರಿನ ಬಗ್ಗೆ ಸೊಸೈಟಿಯ ಸಭೆಯಲ್ಲಿ ಮೇಲ್ಮಹಡಿಯವರು ಹೊಗಳುತ್ತಾರೆ, ಕೆಳಗಿನವರು ಗೊಣಗುತ್ತಾರೆ. ಇಬ್ಬರೂ ಸರಿ. ಟ್ಯಾಂಕು ಟೆರೇಸಿನಲ್ಲಿದೆ. ಕೆಳಗೆ ಬಿಸಿನೀರು ತಲುಪುವಷ್ಟರಲ್ಲಿ ಕೊಳವೆಯಲ್ಲಿ ನಿಂತ ತಣ್ಣೀರು ಒಂದೆರಡು ಬಕೆಟ್ ಹರಿದುಹೋಗುತ್ತದೆ. ಕೊಳವೆಗೆ ಶಾಖ ತಡೆಯುವ ಹೊದಿಕೆ, ಬೆಳಿಗ್ಗೆ ಒಂದೆರಡು ಗಂಟೆ ನೀರನ್ನು ಸುತ್ತು ಹೊಡೆಸುವ ಸಣ್ಣ ಪಂಪು ಹಾಕಿಸಿದರೆ ಜಗಳ ಮುಗಿಯುತ್ತದೆ. ಟ್ಯಾಂಕರ್, ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಗಾಜಿನ ಕೊಳವೆಯೊಳಗೆ ಸುಣ್ಣ ಕಟ್ಟುತ್ತದೆ. ವರ್ಷಕ್ಕೊಮ್ಮೆ ತೊಳೆಯುವ ಪ್ಲಂಬರ್ ಯಾರೆಂದು ಕೊಳ್ಳುವ ದಿನವೇ ಗೊತ್ತಿರಬೇಕು. 100 ಲೀಟರಿನ ಒಂದು ವ್ಯವಸ್ಥೆ ಸರಿಯಾಗಿ ನಡೆದರೆ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸಬಲ್ಲದು.

10. ವಾಹನಕ್ಕಿಂತ ಮೊದಲು ದಾರಿ

2017ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಬಾಡಿಗೆ ಸೈಕಲ್ಲುಗಳು ಬಂದವು. ವಿಶ್ವವಿದ್ಯಾಲಯದ ಆವರಣ, ನಗರದ ಔಂಧ್ ಬಡಾವಣೆಯ ರಸ್ತೆಗಳಲ್ಲಿ ಬಣ್ಣಬಣ್ಣದ ಸೈಕಲ್ಲು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ ಕಾಲ್ತೆಗೆದವು. ಒಂದು ಕಾಲದಲ್ಲಿ ಸೈಕಲ್ಲುಗಳ ಊರೆಂದು ಹೆಸರಾಗಿದ್ದ ನಗರಕ್ಕೆ ಸೈಕಲ್ ಹೊಸತಲ್ಲ. ಇಲ್ಲದ್ದು ಮಕ್ಕಳನ್ನು ಧೈರ್ಯವಾಗಿ ಕಳಿಸಬಹುದಾದ, ತುಂಡಾಗದ ಸೈಕಲ್ ದಾರಿ. ಇದೇ ಊರಿನಲ್ಲಿ ರಿಕ್ಷಾಗಳು ಸಿಎನ್‌ಜಿಗೆ ತಿರುಗಿದ್ದನ್ನು ನೋಡಿ. ಕಿಟ್ ಹಾಕಿಸಿಕೊಳ್ಳಲು ಪಾಲಿಕೆ ರಿಕ್ಷಾಕ್ಕೆ 12,000 ರೂಪಾಯಿ ನೆರವು ಕೊಟ್ಟಿತು, ಚಾಲಕನಿಗೆ ದಿನದ ಇಂಧನ ಖರ್ಚಿನಲ್ಲೂ ಉಳಿತಾಯ ಕಂಡಿತು. ಪಂಪುಗಳ ಮುಂದಿನ ಉದ್ದ ಸಾಲು ಮಾತ್ರ ಅವರ ದುಡಿಮೆಯ ಹೊತ್ತನ್ನು ತಿಂದಿತು. ಬ್ಯಾಟರಿ ವಾಹನ ತರುವವರು ಆ ಸಾಲನ್ನು ನೆನಪಿಟ್ಟುಕೊಂಡು ಚಾರ್ಜಿಂಗ್ ಜಾಗವನ್ನು ಮೊದಲು ಮಾಡಲಿ.

11. ಹಿಂತಿರುಗಿ ಒಯ್ಯುವವರು ಯಾರೆಂದು ಬರೆಸಿಕೊಳ್ಳಿ

ಸೌರ ಫಲಕ ಸುಮಾರು 25 ವರ್ಷ ಬಾಳುತ್ತದೆ, ಬ್ಯಾಟರಿ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ. 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಸೌರ ಫಲಕವೂ ಸೇರಿದೆ. ಬ್ಯಾಟರಿಗಳಿಗೆ ಅದೇ ವರ್ಷ ಬೇರೆ ನಿಯಮ ಬಂದಿದ್ದು, ಹಳೆಯದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಇದನ್ನು ಕೇಳಿ ಪಡೆಯುವ ಗ್ರಾಹಕರು ಕಡಿಮೆ. ಕೊಳ್ಳುವಾಗ ಒಪ್ಪಂದದ ಕಾಗದದಲ್ಲಿ ಮೂರು ವಿಷಯ ಬರೆಸಿ: ವರ್ಷದ ನಿರ್ವಹಣೆ ಯಾರದು, ಕೆಟ್ಟರೆ ಎಷ್ಟು ದಿನದಲ್ಲಿ ಬರಬೇಕು, ಆಯುಷ್ಯ ಮುಗಿದ ಮೇಲೆ ಟೆರೇಸಿನಿಂದ ಇಳಿಸಿ ಒಯ್ಯುವ ಖರ್ಚು ಯಾರದು. ಮೂರನೆಯದಕ್ಕೆ ಮಾರಾಟಗಾರರು ತಡವರಿಸಿದರೆ ಸಹಿ ಹಾಕುವ ಮುನ್ನ ಇನ್ನೊಬ್ಬರನ್ನು ವಿಚಾರಿಸಿ. ಕಾಗದದ ಒಂದು ಪ್ರತಿ ಕಾರ್ಯದರ್ಶಿಯ ಕಪಾಟಿನಲ್ಲಿರಲಿ. ಇನ್ನೊಂದನ್ನು ಮೀಟರ್ ಕೋಣೆಯ ಗೋಡೆಗೆ, ವಾಚ್‌ಮನ್ನರಿಗೂ ಓದಲು ಸಿಗುವ ಹಾಗೆ, ಅವರ ಭಾಷೆಯಲ್ಲಿ ಅಂಟಿಸಿ.